ಟವೆಲಿನ ಕೆಳಗೆ ಎರಡು ಕೈ

ವ್ಯಾಪಾರದಲ್ಲಿ ಹೊಟ್ಟೆಕಿಚ್ಚು ಪಡದವನು ವ್ಯಾಪಾರಿಯೇ ಅಲ್ಲ ಎಂದು ನಾನು ಯಾರಿಗೆ ಬೇಕಾದರೂ ಹೇಳುತ್ತೇನೆ. ನೀವು ವರ್ಷಗಟ್ಟಲೆ ನೋಡಿಕೊಂಡು ಬಂದ ತೋಟದ ಕಾಯಿ ಇನ್ನೊಬ್ಬ ದಲ್ಲಾಳಿಯ ಲಾರಿ ಹತ್ತಿದರೆ ಅವತ್ತು ನಿಮಗೆ ಅನ್ನ ಸೇರಬಾರದು. ಸೇರಿತೋ, ಬೇರೆ ಕಸುಬು ನೋಡಿಕೊಳ್ಳಿ. ಆದರೆ ಐವತ್ತು ದಾಟಿದ ನಾನು, ಎಂಟು ವರ್ಷದ ಒಂದು ಮಗುವಿನ ಎಡಗೈ ಯಾರ ಕೈಯಲ್ಲಿರಬೇಕು ಎಂಬ ವಿಷಯಕ್ಕೆ, ನನ್ನ ಮಗಳ ವಯಸ್ಸಿನ ಹುಡುಗಿಯೊಬ್ಬಳ ಮೇಲೆ ಹೊಟ್ಟೆ ಉರಿದುಕೊಂಡೆ. ಈಗಲೂ ಪೂರ್ತಿ ಆರಿಲ್ಲ.

ನಾನು ತಿಪಟೂರಿನ ಸುತ್ತಮುತ್ತ ತೆಂಗಿನಕಾಯಿ, ಕೊಬ್ಬರಿ ಕೊಡಿಸುವ ದಲ್ಲಾಳಿ. ನಡೆಯಲು ಕಲಿತ ಮಾರನೇ ವರ್ಷವೇ ಬಲಗಾಲನ್ನು ಪೋಲಿಯೋ ತಿಂದಿತು. ತೊಡೆಯಿಂದ ಹಿಮ್ಮಡಿಯವರೆಗೆ ಕಬ್ಬಿಣದ ಪಟ್ಟಿಗಳ ಕ್ಯಾಲಿಪರ್ ಕಟ್ಟಿಕೊಂಡೇ ತಿರುಗುತ್ತೇನೆ. ಕೂರುವಾಗ ಮಂಡಿಯ ಹತ್ತಿರದ ಕೊಂಡಿ ಎತ್ತಬೇಕು, ಏಳುವಾಗ ಟಕ್ಕೆಂದು ಬೀಳಿಸಬೇಕು. ಮರ ಹತ್ತಲಾರದವನು ಮರದ ಮೇಲಿನ ಕಾಯಿಗೆ ಬೆಲೆ ಕಟ್ಟುತ್ತಾನೆ ಎಂದು ಆಡಿಕೊಂಡವರೇ ಈಗ ಫೋನ್ ಮಾಡಿ ತೋಟಕ್ಕೆ ಕರೆಯುತ್ತಾರೆ.

ನನ್ನನ್ನು ನಡೆಸಿದವರು ಹೊನ್ನವಳ್ಳಿಯ ಕಡೆ ಇದ್ದ ಒಬ್ಬ ನಿವೃತ್ತ ಡ್ರಿಲ್ ಮಾಸ್ತರು. ಸಂಬಂಧಿಕರಲ್ಲ, ಜಾತಿಯವರೂ ಅಲ್ಲ. ಎಲ್ಲೋ ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸುವುದನ್ನು ನೋಡಿ ಕಲಿತು, ಸೈಕಲ್ ಹತ್ತಿ ಹಳ್ಳಿ ಹಳ್ಳಿಯ ಪೋಲಿಯೋ ಮಕ್ಕಳನ್ನು ಹುಡುಕಿಕೊಂಡು ಹೊರಟಿದ್ದರು. ನಮ್ಮ ತೋಟದಲ್ಲಿ ಎದುರುಬದುರು ತೆಂಗಿನ ಮರಗಳಿಗೆ ನನ್ನ ಸೊಂಟದ ಎತ್ತರಕ್ಕೆ ಎರಡು ನಾರಿನ ಹಗ್ಗ ಬಿಗಿದು, ನಡುವೆ ನನ್ನನ್ನು ನಿಲ್ಲಿಸುತ್ತಿದ್ದರು. ಎರಡೂ ಕೈಯಲ್ಲಿ ಹಗ್ಗ ಹಿಡಿದು ಈ ಮರದಿಂದ ಆ ಮರಕ್ಕೆ ಹೋಗಬೇಕು. ಅಂಗೈ ಸುಲಿದು ಹೋಗುತ್ತಿತ್ತು. ಅಳುವುದಕ್ಕೆ ಬಿಡುತ್ತಿದ್ದರು, ಕೂರುವುದಕ್ಕೆ ಬಿಡುತ್ತಿರಲಿಲ್ಲ.

ಅವರು ನಮ್ಮ ಮನೆಯಿಂದ ಮುಂದೆ ಹಾಲ್ಕುರಿಕೆಗೆ ಹೋಗುತ್ತಾರೆ, ಅಲ್ಲಿಯೂ ನನ್ನಂಥದೇ ಕಾಲಿನ ಒಬ್ಬ ಹುಡುಗಿ ಇದ್ದಾಳೆ ಎಂದು ತಿಳಿದ ದಿನ ನಾನು ಊಟ ಬಿಟ್ಟಿದ್ದೆ. ಒಮ್ಮೆ ಅವಳನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ನಮ್ಮ ತೋಟಕ್ಕೇ ಬಂದುಬಿಟ್ಟರು. ನಾನು ಎರಡೂ ಹಗ್ಗಕ್ಕೆ ಅಡ್ಡ ನಿಂತೆ.

"ಇದು ನನ್ ಹಗ್ಗ. ಇವ್ಳು ಮುಟ್ಬಾರ್ದು."

ಮಾಸ್ತರು ಬೀಡಿ ಕಚ್ಚಿಕೊಂಡೇ ನಕ್ಕರು. "ಹಗ್ಗ ನಂದು ಕಣ್ಲಾ. ಮರ ನಿಮ್ಮಪ್ಪಂದು. ಕಾಲು ಕೊಟ್ಟೋನು ದೇವ್ರು. ನಿಂದೇನೈತ್ಲಾ ಇದ್ರಲ್ಲಿ?"

ಒಂದು ಹಗ್ಗವನ್ನು ಅವಳಿಗೆ ಬಿಡಬೇಕಾಯಿತು. ಆದರೆ ಆ ಹುಡುಗಿ ಆ ಮರ ಮುಟ್ಟುವುದರೊಳಗೆ ನಾನು ಮುಟ್ಟಬೇಕೆಂದು ನಡೆದ ಆ ನಡಿಗೆಯಿದೆಯಲ್ಲ, ಅಷ್ಟು ಜೋರಾಗಿ ಅಲ್ಲಿಯತನಕ ನಾನು ನಡೆದಿರಲಿಲ್ಲ. ಅದಕ್ಕೇ ಹೇಳುವುದು, ಮಕ್ಕಳಿಗೆ ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಪಾಠ ಹೇಳಲು ಹೋಗಬೇಡಿ. ಸ್ವಲ್ಪ ಇರಲಿ.

ಈಗಿನ ಮಗುವಿನ ಕಥೆಗೆ ಬರುತ್ತೇನೆ. ತಿಪಟೂರಿನ ಹೊರವಲಯದಲ್ಲಿ ವಿಕಲಚೇತನ ಮಕ್ಕಳಿಗೆ ಒಂದು ಹಗಲು ಕೇಂದ್ರವಿದೆ. ಯಾರೋ ತಮ್ಮ ಮಗನ ಹುಟ್ಟುಹಬ್ಬಕ್ಕೆ ಅಲ್ಲಿ ಊಟ ಹಾಕಿಸುತ್ತಿದ್ದರು, ಅಡುಗೆಗೆ ಕಾಯಿ ಕೊಡಲು ಹೋಗಿದ್ದೆ. ಚೀಲ ಹೆಗಲಿಗೇರಿಸಿ ನಿಂತಿದ್ದಾಗ ಚಾಪೆಯ ಮೇಲೆ ಮಲಗಿದ್ದ ಒಂದು ಹೆಣ್ಣುಮಗು ತೆವಳಿಕೊಂಡು ಬಂದು, ಯಾರೂ ನೋಡದ ಹೊತ್ತಿನಲ್ಲಿ ನನ್ನ ಕ್ಯಾಲಿಪರಿನ ಕೊಂಡಿ ಎತ್ತಿಬಿಟ್ಟಿತು. ಮಂಡಿ ಮಡಚಿ ನಾನು ದೊಪ್ಪನೆ ಬಿದ್ದೆ. ಕಾಯಿಗಳು ಕೋಣೆಯ ತುಂಬ ಉರುಳಿದವು. ಎಲ್ಲರೂ "ಅಯ್ಯಯ್ಯೋ" ಎಂದು ನನ್ನನ್ನು ಎತ್ತಲು ಬಂದರೆ ಅವಳೊಬ್ಬಳು ಮೈಯೆಲ್ಲ ಕುಲುಕಿಸಿ ನಗುತ್ತಿದ್ದಳು. ನನ್ನ ಕಾಲು ನೋಡಿ ಕನಿಕರ ಪಟ್ಟವರನ್ನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಬೀಳಿಸಿ ನಗುವಷ್ಟು ಸಲಿಗೆ ತೋರಿಸಿದವಳು ಇವಳೇ ಮೊದಲು. ಮುಂದಿನ ಗುರುವಾರ ಕಾಯಿಯಿಲ್ಲದೆ ಹೋದೆ. ಆಮೇಲೆ ಪ್ರತಿ ಗುರುವಾರ, ಕೆಲವೊಮ್ಮೆ ಸೋಮವಾರವೂ.

ಆ ಮಗುವಿಗೆ ಹುಟ್ಟುವಾಗ ಉಸಿರುಗಟ್ಟಿ ಮಿದುಳಿಗೆ ಪೆಟ್ಟಾಗಿತ್ತಂತೆ. ಮಾತು ಬಾರದು. ಕೈಕಾಲು ಅವಳು ಹೇಳಿದಂತೆ ಕೇಳುವುದಿಲ್ಲ, ತಮ್ಮ ಪಾಡಿಗೆ ಎತ್ತೆತ್ತಲೋ ಹೋಗುತ್ತವೆ. ಯಾರಾದರೂ ನೋಡುತ್ತಿದ್ದಾರೆ ಎಂದು ಗೊತ್ತಾದರಂತೂ ಕೈಗಳು ಇನ್ನೂ ಹುಚ್ಚೆದ್ದು ಹಾರಾಡುತ್ತವೆ. ಆದರೆ ಕಿವಿ ಚುರುಕು, ಬುದ್ಧಿ ಅದಕ್ಕಿಂತ ಚುರುಕು. ತಾಯಿ ಕಾಯಿ ಸುಲಿಯುವ ಮಂಡಿಯಲ್ಲಿ ಕೂಲಿ. ಬೆಳಿಗ್ಗೆ ಮಗುವನ್ನು ಕೇಂದ್ರದಲ್ಲಿ ಬಿಟ್ಟು ಹೋದರೆ ಸಂಜೆ ಬಂದು ಸೊಂಟಕ್ಕೇರಿಸಿಕೊಂಡು ಬಸ್ಸು ಹಿಡಿಯುತ್ತಾಳೆ.

ಒಂದು ದಿನ ಯಾರೋ ದಾನಿಗಳು ಗುಂಪಾಗಿ ನೋಡಲು ಬಂದಿದ್ದರು. ಅವರು ನೋಡಿದಷ್ಟೂ ಅವಳ ಕೈ ಹಾರಾಡಿತು. ನನಗೆ ರೇಗಿಹೋಯಿತು. ಹೆಗಲಿನ ಟವೆಲ್ ತೆಗೆದು ಅವಳ ಎಡಗೈ ಮೇಲೆ ಹಾಕಿಬಿಟ್ಟೆ. ಟವೆಲಿನ ಕೆಳಗೆ ಕೈ ಇನ್ನೊಂದೆರಡು ಸಲ ಒದ್ದಾಡಿ, ನೀರಿಗೆ ಬಿಟ್ಟ ಮೀನಿನ ಹಾಗೆ ಸಮಾಧಾನವಾಯಿತು. ಏನಾಯಿತೆಂದು ನೋಡಲು ನಾನೂ ಕೈ ತೂರಿಸಿದೆ. ಹಳೆಯ ಚಾಳಿ, ಅವಳ ಒಂದು ಬೆರಳು ಹಿಡಿದು ಒತ್ತಿದೆ. ತಿರುಗಿ ಅವಳು ನನ್ನ ಒಂದು ಬೆರಳು ಒತ್ತಿದಳು. ಎರಡು ಹಿಡಿದೆ. ಎರಡು ಹಿಡಿದಳು.

ಹಳೆಯ ಚಾಳಿ ಎಂದೆನಲ್ಲ, ಅದು ದನದ ಸಂತೆಯದು. ಕೊಬ್ಬರಿಗೆ ಬರುವ ಮೊದಲು ನಾನು ದನದ ದಲ್ಲಾಳಿಯೊಬ್ಬನ ಬಳಿ ಪಳಗಿದವನು. ಅಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೈ ಮೇಲೆ ಟವೆಲ್ ಮುಚ್ಚಿ ಬೆರಳು ಹಿಡಿದು ಹೇಳುವುದು, ಬೆರಳು ಹಿಡಿದು ಕೇಳುವುದು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಇಬ್ಬರಿಗೇ ಗೊತ್ತು. ಟವೆಲ್ ಒಳಗಿನದನ್ನು ಮೂರನೆಯವನಿಗೆ ಹೇಳಿದವನ ಕೈಯನ್ನು ಆಮೇಲೆ ಸಂತೆಯಲ್ಲಿ ಯಾರೂ ಹಿಡಿಯುವುದಿಲ್ಲ.

ನಾನು ಆ ಮಗುವಿಗೆ ಕಲಿಸಿದ್ದು ಅದನ್ನೇ. ಒಂದು ಬೆರಳು ಹಿಡಿದರೆ ನೀರು. ಎರಡು ಹಿಡಿದರೆ ಬಚ್ಚಲಿಗೆ ಹೋಗಬೇಕು. ಮೂರು ನೋವು, ನಾಲ್ಕು ಬೇಡ. ಇಡೀ ಮುಷ್ಟಿ ಹಿಡಿದರೆ ಸೈ, ವ್ಯಾಪಾರ ಕುದುರಿತು. ಬೆರಳಿನ ಜೊತೆ ಸಂತೆಯ ಕಟ್ಟಳೆಯನ್ನೂ ಕಲಿಸಿದೆ. "ನೋಡವ್ವಾ, ಇದು ನಿಂಗೂ ನಂಗೂ. ಮೂರನೇ ಮನುಷ್ಯಂಗೆ ಬುಟ್ಟುಕೊಟ್ರೆ ವ್ಯಾಪಾರ ಕೆಟ್ಟೋಯ್ತದೆ," ಎಂದೆ. ಅವಳು ಮುಷ್ಟಿ ಹಿಡಿದಳು. ಸೈ.

ಅಲ್ಲಿಂದ ನನ್ನ ದರ್ಬಾರು ಶುರುವಾಯಿತು ಎನ್ನಿ. ನಾನು ಹೋದ ಕೂಡಲೇ ಅವಳು ಹೆಗಲಿನ ಟವೆಲ್ ಕಡೆ ಕಣ್ಣು ಹಾಯಿಸುವಳು. ಒಳಗೆ ನಮ್ಮ ಚೌಕಾಸಿ. ವ್ಯಾಯಾಮಕ್ಕೆ ಇನ್ನೊಂದು ಸಲ ಎದ್ದು ನಿಲ್ಲಬೇಕು ಎಂದು ನಾನು ಕೇಳಿದರೆ ನಾಲ್ಕು ಹಿಡಿಯುವಳು. ಕೊಬ್ಬರಿ ಮಿಠಾಯಿ ಕೊಡುತ್ತೇನೆ ಎಂದರೆ ಸ್ವಲ್ಪ ಯೋಚಿಸಿ, ಮುಷ್ಟಿ. ಮಗು ಅಷ್ಟು ಬಿಗಿಯಾಗಿ ವ್ಯಾಪಾರ ಮಾಡುತ್ತಿತ್ತು. ಕೇಂದ್ರದವರು "ಅಣ್ಣ ಬಂದ್ರೆ ಮಾತ್ರ ಇವ್ಳು ಹಟ ಮಾಡಲ್ಲ" ಎನ್ನುವಾಗ ನಾನು ಮೀಸೆ ತಿರುವುತ್ತಿದ್ದೆ.

ಆಗ ಕೇಂದ್ರಕ್ಕೆ ಕೆಲಸಕ್ಕೆ ಬಂದವಳು, ಮೊದಲೇ ಹೇಳಿದೆನಲ್ಲ, ನನ್ನ ಮಗಳ ವಯಸ್ಸಿನ ಆ ಹುಡುಗಿ. ತುರುವೇಕೆರೆಯ ಕಡೆಯವಳು, ಇಂಥ ಮಕ್ಕಳಿಗೆ ಕಲಿಸುವುದನ್ನೇ ಓದಿಕೊಂಡು ಬಂದವಳು. ಬೆನ್ನಿಗೆ ಬ್ಯಾಗು, ಬ್ಯಾಗಿನ ತುಂಬ ಚಿತ್ರದ ಕಾರ್ಡುಗಳು. ಎರಡು ಕಾಲೂ ಗಟ್ಟಿ. ಬಸ್ಸು ತಪ್ಪಿದರೆ ಓಡಿ ಹಿಡಿಯುವವಳು. ನನಗೆ ಅದೂ ಕಣ್ಣಿಗೆ ಚುಚ್ಚಿತು. ಓಡುವವಳಿಗೆ ಬೀಳುವವರ ಕಷ್ಟ ಏನು ಗೊತ್ತು ಎಂದು ಅಡುಗೆಯವಳ ಹತ್ತಿರ ಅಂದೆ. ಅಡುಗೆಯವಳು ಸೊಪ್ಪು ಬಿಡಿಸುತ್ತ, "ನೀವೂ ಮದ್ವೆ ಗಂಡಿನ ಹಂಗೆ ಮುನ್ಸ್ಕೊಂಡ್ರೆ ಹೆಂಗಣ್ಣಾ?" ಎಂದಳು.

ಮುನಿಸಲ್ಲ, ಬೆಂಕಿ. ಒಂದು ಗುರುವಾರ ಬಾಗಿಲಲ್ಲಿ ನಿಂತು ನೋಡಿದೆ. ಆ ಹುಡುಗಿ ಮಗುವನ್ನು ತೊಡೆಯ ನಡುವೆ ಕೂರಿಸಿಕೊಂಡು ಕಾರ್ಡು ತೋರಿಸುತ್ತಿದ್ದಳು. ಮಗು ಅವಳ ಜಡೆ ಎಳೆದು ನಗುತ್ತಿತ್ತು, ನನ್ನ ಕಾಯಿ ಉರುಳಿದಾಗ ನಕ್ಕ ಅದೇ ನಗು. ಆ ನಗು ನನ್ನೊಬ್ಬನ ಗುತ್ತಿಗೆ ಅಂದುಕೊಂಡಿದ್ದೆ. ಅವತ್ತು ಮಿಠಾಯಿಯನ್ನು ಎರಡು ಪಟ್ಟು ತೆಗೆದುಕೊಂಡು ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಎದುರಾಳಿ ಬಂದಾಗ ಬೆಲೆ ಏರಿಸುವುದು ನಮ್ಮ ಕಸುಬಿನ ಮೊದಲ ಪಾಠ.

ಸಂಜೆ ಆ ಹುಡುಗಿ ನೇರವಾಗಿಯೇ ಕೇಳಿದಳು. "ಅಂಕಲ್, ಆ ಟವೆಲ್ ಕೆಳ್ಗೆ ಏನ್ ಮಾಡ್ತೀರಾ? ನೀವಿದ್ದಾಗ ಅವ್ಳು ನೀರು ಕೇಳ್ತಾಳೆ, ಬಚ್ಚಲಿಗೂ ಕೇಳ್ತಾಳೆ. ನಾವಿದ್ದಾಗ ಏನೂ ಇಲ್ಲ. ನಂಗೂ ಕಲ್ಸಿ."

"ಅದು ವ್ಯಾಪಾರ ಕಣಮ್ಮಾ. ಓದಿ ಬರೋದಲ್ಲ."

"ಕಾರ್ಡ್ ತೋರ್ಸೋಕೆ ಹೋದ್ರೆ ಕೈ ಎಲ್ಲೆಲ್ಲೋ ಹೋಗುತ್ತೆ ಅಂಕಲ್, ಪಾಪ. ನಿಮ್ ಹತ್ರ ಏನೋ ಇದೆ."

"ಇದೆ. ಇರ್ಲಿ ಬುಡು."

ಇರಲಿ ಬಿಡು ಎಂದವನು ಸ್ಕೂಟರ್ ಹತ್ತಿ ಹಾಡಿಕೊಂಡು ಮನೆಗೆ ಹೋದೆ.

ಜೂನ್ ಹತ್ತಿರ ಬಂತು. ಮಗುವನ್ನು ಅವಳ ಊರಿನ ಶಾಲೆಗೇ ಸೇರಿಸಬೇಕೆಂದು ತಾಯಿಯ ಆಸೆ. ಊರಿನ ಮಕ್ಕಳೆಲ್ಲ ಹೋಗುವ ಶಾಲೆ, ಮನೆಯಿಂದ ಕೂಗಳತೆ. ಅಲ್ಲಿನ ಹೆಡ್ ಮಿಸ್ಸು ಒಳ್ಳೆಯವರು. ಕೇಂದ್ರಕ್ಕೇ ಬಂದು ಮಗುವನ್ನು ನೋಡುತ್ತೇನೆ ಎಂದು ಹೇಳಿ ಕಳಿಸಿದರು. "ಸೇರಿಸ್ಕೊಳಲ್ಲ ಅಂತ ಅಲ್ಲ ಕಣಮ್ಮಾ. ಬಾಯಾರಿಕೆ ಆದ್ರೆ, ಒಂದಕ್ಕೆ ಬಂದ್ರೆ, ನಮಗೆ ಹೆಂಗೆ ಗೊತ್ತಾಗ್ಬೇಕು? ಅದೊಂದು ದಾರಿ ಆಗ್ಲಿ" ಎಂದರಂತೆ. ನನಗೆ ಒಳಗೇ ಖುಷಿ. ದಾರಿ ನನ್ನ ಹೆಗಲ ಮೇಲಿತ್ತು.

ಅವರು ಬರುವ ದಿನ ನಾನು ಚಿಕ್ಕನಾಯಕನಹಳ್ಳಿಯ ಆಚೆ ಒಂದು ತೋಟ ನೋಡಲು ಹೋಗಿದ್ದೆ. ಹತ್ತು ಗಂಟೆಗೆ ಬಂದುಬಿಡುತ್ತೇನೆ ಎಂದಿದ್ದವನು, ತೋಟದವನು ಬೆಲೆ ಇಳಿಸದೆ ಕೂತ ಕಾರಣ ನಾನೂ ಏಳದೆ ಕೂತೆ. ಕೇಂದ್ರಕ್ಕೆ ಬಂದಾಗ ಹೆಡ್ ಮಿಸ್ಸು ಹೊರಟುಹೋಗಿದ್ದರು. ಮಗು ಮೂಲೆಯಲ್ಲಿ ಬೇರೆಯವರ ಫ್ರಾಕು ಹಾಕಿಕೊಂಡು ಕೂತಿತ್ತು. ಅವಳ ಫ್ರಾಕು ಒಗೆದು ತಂತಿಯ ಮೇಲೆ ಹರಡಿದ್ದರು. ಅತ್ತು ಮುಖ ಊದಿತ್ತು.

"ಎಲ್ಲರ ಮುಂದೆ ಆಗೋಯ್ತು ಅಂಕಲ್," ಎಂದಳು ಆ ಹುಡುಗಿ. "ನೀವು ಮಾಡೋದು ನೋಡಿದ್ದೆನಲ್ಲ, ನನ್ ವೇಲ್ ಮುಚ್ಚಿ ಕೈ ಹಿಡ್ದೆ. ಕೈ ಸುಮ್ನಾಯ್ತು. ಆದ್ರೆ ತನ್ ಬೆರಳು ಮಡಚಿ ಬಿಗಿಯಾಗಿ ಇಟ್ಕೊಂಡ್ಲು, ಬಿಡ್ಲೇ ಇಲ್ಲ. ಬಾಗ್ಲೇ ನೋಡ್ತಿದ್ಲು. ನೀವು ಬರ್ತೀರ ಅಂತ."

ಆ ಕ್ಷಣದಲ್ಲಿ ನನಗೆ ಮೊದಲು ಆಗಿದ್ದು ದುಃಖವಲ್ಲ, ಹಿಗ್ಗು. ಅವಳು ಒದ್ದೆಯಾದಳೇ ಹೊರತು ನನ್ನ ವ್ಯಾಪಾರ ಬಿಟ್ಟುಕೊಡಲಿಲ್ಲ! ಮೂರನೆಯವರಿಗೆ ಹೇಳಬೇಡ ಎಂದಿದ್ದೆ, ಹೇಳಲಿಲ್ಲ. ಸಂತೆಯಲ್ಲಿ ಅಂಥ ಕೈ ಒಂದು ಸಿಕ್ಕಿದ್ದರೆ ನಾನು ಎಲ್ಲಿರುತ್ತಿದ್ದೆನೋ.

ಅಷ್ಟರಲ್ಲಿ ತಾಯಿ ಬಂದಳು. ಸುದ್ದಿ ತಿಳಿದು ಮಂಡಿಯಿಂದ ಅರ್ಧಕ್ಕೇ ಎದ್ದು ಬಂದಿದ್ದಳು, ಸೀರೆಯ ತುಂಬ ತೆಂಗಿನ ನಾರು. ಮಗುವಿನ ಕಣ್ಣು ಸೆರಗಿನಿಂದ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ದನಿ ಏರಿಸಲೂ ಇಲ್ಲ.

"ನೀವಿಲ್ದಿದ್ರೆ ನನ್ ಮಗೀಗೆ ನೀರೂ ಇಲ್ವೇನಣ್ಣಾ?"

ಕ್ಯಾಲಿಪರಿನ ಕೊಂಡಿ ಎತ್ತಿ ಮಗುವಿನ ಮುಂದೆ ನೆಲದ ಮೇಲೆ ಕೂತೆ.

ಟವೆಲ್ ಹಾಸಿ, ಆ ಹುಡುಗಿಯನ್ನೂ ಕೂರಿಸಿ, ಎಷ್ಟು ಬೆರಳಿಗೆ ಏನರ್ಥ ಎಂದು ಎಲ್ಲವನ್ನೂ ಹೇಳಿದೆ. ಮಗು ನನ್ನ ಕೈ ಹಿಡಿಯಿತು, ಹುಡುಗಿಯ ಕೈ ಒಳಗೆ ಬಂದ ತಕ್ಷಣ ಮತ್ತೆ ಬೆರಳು ಮಡಚಿತು. ನನ್ನನ್ನೇ ದುರುಗುಟ್ಟಿ ನೋಡಿತು. ಕಟ್ಟಳೆ ಮುರಿಯುತ್ತಿರುವವನು ನೀನೇ ಎಂಬ ನೋಟ. ಸುಮ್ಮನೆ 'ಪರವಾಗಿಲ್ಲ, ಹೇಳು' ಎಂದರೆ ಆಗುವುದಿಲ್ಲ. ಮಾತು ಕೊಟ್ಟವಳಿಗೆ ಮಾತು ತಪ್ಪು ಎಂದು ಹೇಳಿಕೊಡಬಾರದು. ಮಕ್ಕಳ ಜೊತೆ ಕೆಲಸ ಮಾಡುವವರು ಇದನ್ನು ಗಮನಿಸಿ. ಕಟ್ಟಳೆಯಿಂದ ಕಟ್ಟಿದ್ದನ್ನು ಕಟ್ಟಳೆಯಿಂದಲೇ ಬಿಚ್ಚಬೇಕು.

ಸಂತೆಯಲ್ಲಿ ಅದಕ್ಕೂ ದಾರಿಯಿದೆ. ಮಾರುವವನಿಗೂ ಕೊಳ್ಳುವವನಿಗೂ ಪರಿಚಯವಿಲ್ಲದಿದ್ದರೆ ದಲ್ಲಾಳಿ ನಡುವೆ ಕೂರುತ್ತಾನೆ. ಒಂದು ಕೈ ಇವನಿಗೆ, ಒಂದು ಕೈ ಅವನಿಗೆ. ಇವನು ಒತ್ತಿದ್ದನ್ನು ಅವನಿಗೆ ಒತ್ತುತ್ತಾನೆ. ಬೆಲೆ ಕೂಡಿದ ಮೇಲೆ ಇಬ್ಬರ ಕೈಯನ್ನೂ ಜೋಡಿಸಿ ತಾನು ಎದ್ದು ಹೋಗುತ್ತಾನೆ.

"ಇವ್ರು ಮೂರನೇಯೋರಲ್ಲ ಕಣವ್ವಾ," ಎಂದೆ ಮಗುವಿಗೆ. "ನೀನು ಮಾರೋಳು, ಇವ್ರು ಕೊಳ್ಳೋರು. ನಾನು ಬರೀ ದಲ್ಲಾಳಿ. ನನ್ ಕೈಗೆ ಹೇಳು, ನಾನು ದಾಟಿಸ್ತೀನಿ."

ಮಗು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿತು. ಕಡೆಗೆ ನನ್ನ ಎಡಗೈಯಲ್ಲಿ ಒಂದು ಬೆರಳು ಒತ್ತಿತು. ನೀರು.

ನನ್ನ ಬಲಗೈಯಲ್ಲಿ ಆ ಹುಡುಗಿಯ ಕೈ. ಆಗ ನನಗೆ ಬಂದ ಬುದ್ಧಿ ಕೇಳಿ. ಒಂದನ್ನು ಮೂರು ಮಾಡಿ ಒತ್ತಿದರೆ? ನೋವೆಂದು ತಿಳಿದು ಅವಳು ಮಗುವಿನ ಕಾಲು ತಿಕ್ಕುತ್ತಾಳೆ, ಮಗು ಬಾಯಾರಿ ರೇಗುತ್ತದೆ, ಈ ಅಕ್ಕನಿಗೆ ಏನೂ ತಿಳಿಯದು ಎಂದು ಮತ್ತೆ ನನ್ನ ಕೈಗೇ ಬರುತ್ತದೆ. ಟವೆಲಿನ ಕೆಳಗೆ ಯಾರೂ ನೋಡುವುದಿಲ್ಲ. ಅಷ್ಟು ಸುಲಭವಿತ್ತು. ಎದುರಿಗೆ ತಂತಿಯ ಮೇಲಿನ ಫ್ರಾಕಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಒಂದೇ ಒತ್ತಿದೆ. "ಒಂದು ಅಂದ್ರೆ ನೀರು," ಎಂದು ಬಾಯಲ್ಲೂ ಹೇಳಿದೆ.

ಹುಡುಗಿ ಓಡಿದಳು. ಲೋಟ ತಂದಳು. ಮಗು ಗಟಗಟ ಕುಡಿದು, ಗಲ್ಲದ ಮೇಲೆಲ್ಲ ಚೆಲ್ಲಿಕೊಂಡು, ಅವಳನ್ನು ಹೊಸದಾಗಿ ನೋಡುವಂತೆ ನೋಡಿತು. ಮತ್ತೆ ಟವೆಲಿನ ಕೆಳಗೆ ಕೈ ತೂರಿಸಿತು. ನಾನು ಇಬ್ಬರ ಕೈಯನ್ನೂ ಜೋಡಿಸಿ ನನ್ನದನ್ನು ಹೊರಗೆಳೆದುಕೊಂಡೆ. ಒಳಗೆ ಏನೋ ನಡೆಯಿತು. ಹುಡುಗಿ ಕಿರುಚಿದಳು, "ಅಂಕಲ್, ಮುಷ್ಟಿ! ಮುಷ್ಟಿ ಹಿಡಿದ್ಲು!" ತಾಯಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಎಲ್ಲರಿಗೂ ಸಂತೋಷ. ನನ್ನ ಖಾಲಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಕ್ಯಾಲಿಪರಿನ ಪಟ್ಟಿ ಬಿಗಿ ಮಾಡುತ್ತ ಕೂತೆ. ನಾನೇ ಕುದುರಿಸಿದ ವ್ಯಾಪಾರ, ನನಗೇ ಹೊಟ್ಟೆ ಉರಿ.

ಹೆಡ್ ಮಿಸ್ಸು ಎರಡನೇ ಸಲ ಬಂದಾಗ ಆ ಹುಡುಗಿಯೇ ಅವರಿಗೆ ಬೆರಳುಗಳನ್ನು ಹೇಳಿಕೊಟ್ಟಳು. ದಲ್ಲಾಳಿಯ ಹಾಗೆ ನಡುವೆ ಕೂತಳು. ನಾನು ಬಾಗಿಲ ಹತ್ತಿರ ನಿಂತು, "ಹಂಗಲ್ಲ, ಹೆಬ್ಬೆರಳು ಲೆಕ್ಕಕ್ಕಿಲ್ಲ" ಎಂದು ಒಂದೆರಡು ಸಲ ತಿದ್ದಿದೆ. ತಿದ್ದುವ ಅಗತ್ಯವೇನೂ ಇರಲಿಲ್ಲ.

ಮಗು ಶಾಲೆಗೆ ಸೇರಿತು. ಮಳೆ ಹಿಡಿಯುವ ಹೊತ್ತಿಗೆ ಒಂದು ದಿನ ಆ ಕಡೆ ಕಾಯಿ ನೋಡಲು ಹೋದವನು ಶಾಲೆಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ಆಟದ ಬಿಡುವು. ಜಗುಲಿಯ ಮೇಲೆ ಮಗು ಗೋಡೆಗೆ ತಾಗಿಸಿಟ್ಟ ಮೋಟು ಕುರ್ಚಿಯಲ್ಲಿ ಒರಗಿ ಕೂತಿತ್ತು. ಪಕ್ಕದಲ್ಲಿ ಎಣ್ಣೆ ಹಾಕಿ ಎರಡು ಜಡೆ ಹೆಣೆದ, ಮುಂದಿನ ಹಲ್ಲು ಬಿದ್ದ ಒಬ್ಬಳು. ಇಬ್ಬರ ಕೈಯೂ ಒಂದು ಶಾಲೆಯ ಬ್ಯಾಗಿನ ಕೆಳಗೆ. ಸುತ್ತ ಇನ್ನಷ್ಟು ಮಕ್ಕಳು ತಮ್ಮ ಸರದಿಗೆ ಕಾಯುತ್ತಿದ್ದರು. ನನ್ನನ್ನು ಕಂಡು ಮಗುವಿನ ಮುಖ ಅರಳಿತು, ನಾನು ಇಲ್ಲ ಅನ್ನುವುದಿಲ್ಲ. ಟವೆಲ್ ತೆಗೆಯುತ್ತ ಹತ್ತಿರ ಹೋಗಿ ಕೂತೆ.

"ಅದ್ಯಾಕ್ ತಾತ, ಬ್ಯಾಗೈತಲ್ಲ," ಎಂದಳು ಹಲ್ಲು ಬಿದ್ದವಳು.

ಬ್ಯಾಗಿನ ಕೆಳಗೇ ಕೈಯಿಟ್ಟೆ. ಮಗು ನನ್ನ ಕಿರುಬೆರಳನ್ನು ಮಾತ್ರ ಹಿಡಿದು ಎರಡು ಸಲ ಎಳೆಯಿತು. ನಾನು ಕಲಿಸಿದ್ದರಲ್ಲಿ ಅದು ಇರಲಿಲ್ಲ. ಇನ್ನೊಂದು ಸಲ ಎಳೆಯಿತು, ಸ್ವಲ್ಪ ಜೋರಾಗಿ. ನನಗೆ ತಿಳಿಯಲಿಲ್ಲ.

"ಏನವ್ವಾ ಇದು? ಏನಂತಾಳೆ ಇವ್ಳು?" ಎಂದು ಆ ಹಲ್ಲು ಬಿದ್ದವಳನ್ನು ಕೇಳಬೇಕಾಯಿತು. ಏಳು ವರ್ಷದವಳನ್ನು. ನಾನು.

"ಆಮ್ಯಾಕ್ ಬಾ ಅಂತವ್ಳೆ ತಾತ," ಎಂದಳು ಅವಳು, ನನ್ನ ಕೈಯನ್ನು ಮೆಲ್ಲಗೆ ಹೊರಗೆ ತಳ್ಳಿ ತನ್ನದನ್ನು ತೂರಿಸುತ್ತ. "ನಾವಿನ್ನೂ ಆಡ್ತಾ ಇದೀವಿ."

ಮಗು ನನ್ನ ಕಡೆ ನೋಡಿ ನಕ್ಕಿತು. ನಾನು ಗೋಡೆ ಹಿಡಿದು ಎದ್ದು, ಕೊಂಡಿ ಬೀಳಿಸಿಕೊಂಡು, ಗೇಟಿನ ಆಚೆ ಸ್ಕೂಟರಿನ ಮೇಲೆ ಬಿಡುವು ಮುಗಿಯುವವರೆಗೂ ಕೂತಿದ್ದೆ. ಬೆಲ್ ಹೊಡೆಯಿತು. ಮಕ್ಕಳು ನಾಲ್ಕೂ ಕಡೆಯಿಂದ ಅವಳ ಕುರ್ಚಿ ಎತ್ತಿಕೊಂಡು ಒಳಗೆ ಹೋದರು.